ದಾಖಲೆಯಲ್ಲಿಲ್ಲದ ಲುಪು

"ನಿಮ್ಮ ಹೆಸರು?"

ತಲೆ ಎತ್ತದೆಯೇ ಕೇಳಿದಳು ಜಂಫಿರಾ. ಮಾರಮುರೆಶ್‌ನ ಆ ಪುಟ್ಟ ಪಟ್ಟಣದ ಜನನ-ಮರಣ ಕಚೇರಿಯಲ್ಲಿ ಅವಳಿಗೆ ದಿನವೂ ಅದೇ ಪ್ರಶ್ನೆ.

"ಆಂಗೆಲ್ ರೂಸು. ಜನನ ಪತ್ರ ಬೇಕಿತ್ತು."

ಆ ದನಿ...!

ಗಾಜಿನಾಚೆ ನಿಂತಿದ್ದವನು ಲುಪು. ಮೂರು ವರ್ಷದ ಹಿಂದೆ ಸೈನ್ಯದ ಕಡ್ಡಾಯ ಸೇವೆಗೆಂದು ರೈಲು ಹತ್ತಿದ ಅವಳ ಲುಪು.

ಎದೆ ಹೊಡೆದುಕೊಳ್ಳಬೇಕಿತ್ತು. ಸಿಟ್ಟಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಹಾಗೆ.

"ಓ... ನನ್ನ ಹತ್ತಿರ ಲುಪು, ಸರ್ಕಾರದ ಹತ್ತಿರ ಆಂಗೆಲ್. ಇನ್ನೂ ಎಷ್ಟು ಹೆಸರಿವೆ ನಿಮಗೆ?"

"ಜಂಫಿರಾ! ನನಗೆ 'ನೀವು' ಅಂತೀಯಾ?"

"ಗುರುತಿಲ್ಲದವರಿಗೆ ಹಾಗೇ ಅನ್ನೋದು. ಹನ್ನೊಂದು ಕಾಗದ ಬರೆದೆ. ಅಂಥ ಸೈನಿಕನೇ ಇಲ್ಲ ಅಂತ ಹನ್ನೊಂದೂ ವಾಪಸ್ ಬಂದವು."

ಈ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಜನನದ ದಪ್ಪ ಪುಸ್ತಕ ತೆರೆದಿದ್ದಳು. ಅಲ್ಲೂ ಲುಪು ರೂಸು ಇರಲಿಲ್ಲ. ಹೆಸರೇ ಸುಳ್ಳಾದರೆ ಪ್ರೀತಿ? ಅಂದಿನಿಂದ ಅವಳು ಅತ್ತಿರಲಿಲ್ಲ, ನಕ್ಕಿರಲೂ ಇಲ್ಲ.

ಅವನು ಗಾಜಿನ ಹತ್ತಿರ ಬಾಗಿದ. "ನೀನು ಬರೆದಿದ್ದೆಯಾ? ಶಿಬಿರದ ವಿಳಾಸ ಕಳಿಸಿದ್ದೆ, ಉತ್ತರ ಬರಲಿಲ್ಲ. ನಿನಗೆ ನಾನು ಬೇಡವಾದೆ ಅಂತ, ಸೇವೆ ಮುಗಿದ ಮೇಲೆ ಊರಿಗೆ ಬರದೆ ಒಂದು ಬಂದರಿನಲ್ಲಿ ಕೆಲಸಕ್ಕೆ ಸೇರಿಬಿಟ್ಟೆ..."

"ಹೆಸರು ಯಾಕೆ ಮುಚ್ಚಿಟ್ಟೆ?"

"ಹುಟ್ಟಿದಾಗ ಇಟ್ಟದ್ದು ಆಂಗೆಲ್, ದೇವದೂತ ಅಂತ. ಏಳು ತಿಂಗಳಿಗೆ ಕಾಯಿಲೆ ಬಿದ್ದು ಸಾಯೋ ಹಾಗಾದೆನಂತೆ. ಅಮ್ಮ ಶಾಸ್ತ್ರಕ್ಕೆ ಅಂತ ನನ್ನನ್ನ ಕಿಟಕಿಯಿಂದ ಪಕ್ಕದ ಮನೆಯವಳಿಗೆ ಮಾರಿ, ಬಾಗಿಲಿಂದ ಲುಪು, ಅಂದರೆ ತೋಳ, ಅಂತ ಕರೆದು ವಾಪಸ್ ತಗೊಂಡಳು. ಸಾವು ಆಂಗೆಲ್‌ನ ಹುಡುಕಿಕೊಂಡು ಬಂದರೆ ಮನೇಲಿ ತೋಳ ಇರಲಿ ಅಂತ! ಹಳೇ ಹೆಸರು ಯಾರ ಮುಂದೂ ಎತ್ತಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು."

"ನನ್ನ ಮುಂದೂ?"

"ನಿನ್ನ ಮುಂದೂ. ಸೈನ್ಯದ ಪಟ್ಟಿಯಲ್ಲಿ ನಾನು ಆಂಗೆಲ್. ಶಿಬಿರದಲ್ಲಿ ರೂಸುಗಳೇ ಒಂಬತ್ತು ಜನ, ಲುಪು ಅಂತ ಯಾರೂ ಇರಲಿಲ್ಲ. ಲುಪು ಹೆಸರಿಗೆ ಬಂದ ಕಾಗದ ವಾಪಸ್ ಹೋಗುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣೇ... ಸಾವಿಗೆ ಸಿಗಬಾರದು ಅಂತ ಇಟ್ಟ ಹೆಸರಿನಿಂದ ನಿನ್ನ ಕಾಗದಕ್ಕೂ ಸಿಗದೆ ಹೋದೆ."

ಜಂಫಿರಾ ಜನನ ಪತ್ರ ಬರೆದು ಮೊಹರು ಒತ್ತಿದಳು. "ಯಾತಕ್ಕಿದು?"

"ಹಡಗಿನ ಕೆಲಸಕ್ಕೆ. ಮುಂದಿನ ವಾರ ಹೊರಡಬೇಕು... ನೀನು ಹೋಗಬೇಡ ಅಂದರೆ ಹೋಗಲ್ಲ. ನಿನ್ನ ಬಿಟ್ಟು ಇನ್ನೊಬ್ಬಳನ್ನ ನೆನೆದಿಲ್ಲ ನಾನು."

ಅವಳು ಬಾಗಿಲು ತೆರೆದು ಹೊರಗೆ ಬಂದಳು.

"ನನಗೆ ಖುಷಿಯಾಗ್ತಿಲ್ಲ, ಲುಪು. ಅಳುವೂ ಬರ್ತಿಲ್ಲ. ಒಳಗೆ ಏನೂ ಉಳಿದಿಲ್ಲವೇನೋ..."

"ಇರಲಿ. ನಾನು ಕಾಯ್ತೀನಿ."

"ಹಡಗು?"

"ಅದು ಹೋಗಲಿ ಬಿಡು."

ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಅವಳ ಕೈ ಮೆಲ್ಲಗೆ ಅವನ ಕೈ ಹುಡುಕಿತು.

"ಊಟ ಆಯ್ತಾ?"

"ಇಲ್ಲ."

"ಮನೆಗೆ ಬಾ, ನಮ್ಮಮ್ಮ ಮೆಕ್ಕೆಜೋಳದ ಮುದ್ದೆ ಮಾಡಿರ್ತಾಳೆ. ಮೊದಲು ಬೈತಾಳೆ, ಆಮೇಲೆ ಬಡಿಸ್ತಾಳೆ."

"ಬೈಸ್ಕೊಳ್ತೀನಿ... ನೀನು?"

"ನಾನು ನಿನ್ನ ಪಕ್ಕ ಕೂತಿರ್ತೀನಿ."