ಹೆಸರು ತೋರಿಸಬೇಡಿ

ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು.

ತಾನಾಗಿ ನಿಂತದ್ದಲ್ಲ. ಅವನೇ ಕೆಂಪು ಗುಂಡಿ ಒತ್ತಿದ್ದ.

ಒಳಗೆ ಇಬ್ಬರೇ. ನಾನು, ಮತ್ತು ಸಾರಿ.

ಸಾರಿ ಅವನ ಹೆಸರಲ್ಲ. ಹೊಡೆಯುವ ಮೊದಲು ‘ಸಾರಿ’ ಅನ್ನುತ್ತಾನೆ, ಅದಕ್ಕೇ ಊರು ಇಟ್ಟ ಹೆಸರು. ಒಂದು ಸಾರಿ ‘ಸಾರಿ’ ಅಂದರೆ ಒಂದು ಹಲ್ಲು. ಎರಡು ಸಾರಿ ಅಂದರೆ ಆಸ್ಪತ್ರೆ. ಮೂರನೆಯ ಸಾರಿ ಕೇಳಿಸಿಕೊಂಡವರು ಯಾರೂ ನನಗೆ ಇದುವರೆಗೆ ಸಿಕ್ಕಿಲ್ಲ...

ಅವನು ಕೈ ಚಾಚಿದ.

“ಪೆನ್‌ಡ್ರೈವ್ ಕೊಟ್ಬಿಡಿ ಅಕ್ಕ.”

“ಯಾವ ಪೆನ್‌ಡ್ರೈವ್?”

“ನಿಮ್ಮ ಎಡಗೈ ಮುಷ್ಟೀಲಿರೋದು.”

ಮುಷ್ಟಿ ತಾನಾಗಿ ಬಿಗಿಯಾಯಿತು. ನನಗೆ ಐವತ್ತೆರಡು ವಯಸ್ಸು. ಬಲ ಮಂಡಿ ಸರಿಯಿಲ್ಲ. ಅವನ ತೋಳು ನನ್ನ ತೊಡೆಯಷ್ಟಿತ್ತು. ಆ ಮುಷ್ಟಿಯೊಳಗೆ ಇನ್ನೂರ ನಲವತ್ತು ಜನರ ಕೆಲಸವಿತ್ತು! ಅದರಲ್ಲೊಂದು ನನ್ನ ತಂಗಿಯದು.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವ ಸಂಗತಿಯೂ ನಡುವೆ ಬರುತ್ತದೆ, ಸಹಿಸಿಕೊಳ್ಳಿ. ಸಾಲು ಹಿಡಿದು ಹೇಳಿದರಷ್ಟೇ ನನಗೆ ಹೇಳಲು ಬರುವುದು.

ನಾನು ಹದಿನೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎಕ್ಸ್‌ಚೇಂಜ್ ಮುಚ್ಚಿತು, ಕಿವಿ ಮುಚ್ಚಲಿಲ್ಲ. ಆಮೇಲೆ ಜನ ಕಳೆದುಕೊಂಡದ್ದನ್ನು ಹುಡುಕಿಕೊಡುವ ಕೆಲಸಕ್ಕಿಳಿದೆ. ಓಡಿಹೋದ ಗಂಡ, ಮಾಯವಾದ ಉಯಿಲು, ಇಂಥವು.

ಮೂರು ವಾರದ ಹಿಂದೆ ನರ್ಸಮ್ಮ ಬಂದರು. ಗಾಜಿನ ಫ್ಯಾಕ್ಟರಿಯ ಡಿಸ್ಪೆನ್ಸರಿಯಲ್ಲಿ ಗಾಯ ತೊಳೆದವರು. ಗಾಜು ಕುಯ್ದರೆ ರಿಜಿಸ್ಟರಿನಲ್ಲಿ ‘ಗಾಜು ಕುಯ್ದಿದೆ’ ಎಂದೇ ಬರೆದರು, ‘ಕಾರ್ಮಿಕರ ಅಜಾಗರೂಕತೆ’ ಎಂದು ಬರೆಯಲಿಲ್ಲ. ಕೆಲಸ ಹೋಯಿತು. ಆದರೂ ಮನೆಯಲ್ಲಿ ಕೂರದೆ ಚುನಾವಣೆಗೆ ನಿಂತರು, ಅದೂ ಫ್ಯಾಕ್ಟರಿ ದಣಿಯ ತಮ್ಮನ ಎದುರು! ಬ್ಯಾನರಿಗೂ ಗತಿಯಿಲ್ಲ. ಆನ್‌ಲೈನಿನಲ್ಲಿ ಒಂದು ಪೇಜ್ ಮಾಡಿ, ಕೈಲಾದಷ್ಟು ಕೊಡಿ ಎಂದರು. ಇಪ್ಪತ್ತು, ಐವತ್ತು ಹೀಗೆ ಬಂತು. ಕೊಟ್ಟವರೆಲ್ಲ ಫ್ಯಾಕ್ಟರಿಯವರೇ.

ಪೇಜಿನಲ್ಲಿ ಒಂದು ಚೌಕ ಇತ್ತು. ‘ನನ್ನ ಹೆಸರು ತೋರಿಸಬೇಡಿ.’ ಎಲ್ಲರೂ ಅದಕ್ಕೆ ಟಿಕ್ ಹಾಕಿದ್ದರು. ಮೆಷಿನ್ ಮಾತಿಗೆ ತಪ್ಪಲಿಲ್ಲ. ಪ್ರತಿಯೊಂದು ಹೆಸರಿನ ಜಾಗದಲ್ಲೂ ಬರೀ ನಕ್ಷತ್ರ.

ಅದರ ಕೆಳಗೆ ಇನ್ನೊಂದು ಖಾನೆ, ಪೇಜ್ ನಡೆಸುವವರಿಗಷ್ಟೇ ಕಾಣುವಂಥದ್ದು. ‘ವೃತ್ತಿ.’

ಅಲ್ಲಿ ‘ಕೂಲಿ’ ಎಂದು ಬರೆದಿದ್ದರೆ ಸಾಕಿತ್ತು. ಆದರೆ ಜೀವಮಾನವಿಡೀ ಫ್ಯಾಕ್ಟರಿಯ ಫಾರಂ ತುಂಬಿದ ಕೈಗಳು ಅವು. ರಜೆಗೆ ಫಾರಂ, ಕೈಗವಸಿಗೆ ಫಾರಂ, ಗಾಯಕ್ಕೂ ಫಾರಂ. ಅಭ್ಯಾಸಬಲದಲ್ಲಿ ಬರೆದುಬಿಟ್ಟಿದ್ದರು: ‘ಬೆಲ್ಟ್ ನಾಲ್ಕು, ಟೋಕನ್ 117, ಬೆಳಗಿನ ಪಾಳಿ.’ ಒಬ್ಬರಂತೂ ಕೊನೆಯಲ್ಲಿ ‘ತಮ್ಮ ವಿಧೇಯ’ ಎಂದೂ ಸೇರಿಸಿದ್ದರು.

ಹೆಸರು ಮುಚ್ಚಿಟ್ಟು ಟೋಕನ್ ಕೊಟ್ಟರು! ಆ ಫ್ಯಾಕ್ಟರಿಯಲ್ಲಿ ಹೆಸರು ಯಾರಿಗೆ ಬೇಕು? ದಣಿ ಜನರನ್ನು ಗುರುತಿಸುವುದೇ ನಂಬರಿನಿಂದ.

117 ನನ್ನ ತಂಗಿ, ಹಾಗೆ ಬರೆದದ್ದನ್ನು ಅವಳೇ ನನಗೆ ಹೇಳಿದ್ದಳು. ಅವಳ ಗಂಡನ ಶ್ವಾಸಕೋಶದ ತುಂಬ ಗಾಜಿನ ಪುಡಿ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ನರ್ಸಮ್ಮನಿಗೆ ಒಂದು ಫೋನ್ ಬಂದಿತ್ತು. ನಾಮಪತ್ರ ವಾಪಸ್ ತಗೊಳ್ಳಿ, ಇಲ್ಲದಿದ್ದರೆ ಪಟ್ಟಿ ದಣಿಯ ಮೇಜಿನ ಮೇಲಿರುತ್ತದೆ ಎಂದು. ಬಾಯಿಗೆ ಬಟ್ಟೆ ಕಟ್ಟಿಕೊಂಡ ದನಿ. ಅವರು ರೆಕಾರ್ಡ್ ಮಾಡಿಕೊಂಡಿದ್ದರು. ನಾನು ದನಿ ಬಿಟ್ಟು ಅದರ ಹಿಂದಿನದನ್ನು ಕೇಳಿದೆ.

ಟಕ ಟಕ ಟಕ... ಇಪ್ಪತ್ತು ಕೀಬೋರ್ಡು. ಒಂದೇ ಲಯ. ಒಂದೇ ಕಡೆ ನಿಲುಗಡೆ.

ಆಫೀಸಿನಲ್ಲಿ ಯಾರೂ ಹಾಗೆ ತಾಳ ಹಾಕಿ ಟೈಪ್ ಮಾಡುವುದಿಲ್ಲ. ಅದು ಟೈಪಿಂಗ್ ಕ್ಲಾಸಿನ ಸದ್ದು. ಊರಿನಲ್ಲಿ ಕಂಪ್ಯೂಟರ್ ಕ್ಲಾಸ್ ಇರುವುದು ಒಂದೇ. ನಡೆಸುವವನು ನರ್ಸಮ್ಮನ ಸ್ವಂತ ಮೈದುನ. ಪೇಜ್ ಮಾಡಿಕೊಟ್ಟವನೂ ಅವನೇ!

ಹೋದೆ. ಐದನೇ ಮಹಡಿ. ಪಟ್ಟಿಯ ವಿಷಯ ಮಾತಾಡೋಣ ಎಂದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಅಂಗಿಯ ಜೇಬು ಮುಟ್ಟಿಕೊಂಡ. ಆಮೇಲೆ ಓಡಿದ.

ಕೆಳಕ್ಕೆ ಓಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಗಾಬರಿಯಲ್ಲಿ ಮೇಲಕ್ಕೆ ಓಡಿದ. ನಾನು ಹಿಂದೆಯೇ ಹತ್ತಿದೆ, ಒಂದು ಕೈ ಮೆಟ್ಟಿಲ ಕಟಕಟೆಯ ಮೇಲೆ, ಒಂದು ಕೈ ಮಂಡಿಯ ಮೇಲೆ. ಟೆರೇಸಿನ ಬಾಗಿಲಿಗೆ ಬೀಗ. ಅಲ್ಲೇ ಕುಸಿದು ಕುಳಿತಿದ್ದ. ದಣಿ ಇಪ್ಪತ್ತು ಹೊಸ ಕಂಪ್ಯೂಟರಿನ ಆಸೆ ತೋರಿಸಿದ್ದನಂತೆ. ಇವನು ಬೆಳಿಗ್ಗೆಯೇ ದಣಿಗೆ ಫೋನ್ ಮಾಡಿ, ಬಂದು ತಗೊಂಡು ಹೋಗಿ ಎಂದಿದ್ದನಂತೆ. ಬೇರೆ ಕಾಪಿ ಇಲ್ಲ ಎಂದ. ಅಳುವವನು ಸುಳ್ಳು ಹೇಳಬಹುದು. ಏದುಸಿರು ಬಿಡುವವನಿಗೆ ಅಷ್ಟು ಉಸಿರಿರುವುದಿಲ್ಲ. ನಂಬಿದೆ.

ಪೆನ್‌ಡ್ರೈವ್ ಕಿತ್ತುಕೊಂಡು ಲಿಫ್ಟ್ ಹತ್ತಿದೆ.

ಒಳಗೆ ಸಾರಿ ನಿಂತಿದ್ದ, ಪಟ್ಟಿ ಒಯ್ಯಲು ದಣಿ ಕಳಿಸಿದವನು.

ಈಗ ಗೊತ್ತಾಯಿತಲ್ಲ? ಹೊಡೆದಾಟದಲ್ಲಿ ನನಗೆ ಗೆಲುವಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ನಂಬರ್ ಮಾತ್ರ.

“ನೂರಾ ಹದಿನೆಂಟು ಯಾರ ಟೋಕನ್?” ಎಂದೆ.

ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಅವನ ಹೆಂಡತಿಯದು. ಬೆಲ್ಟಿನಲ್ಲಿ ನನ್ನ ತಂಗಿಯ ಪಕ್ಕ ನಿಲ್ಲುತ್ತಾಳೆ. ಪಟ್ಟಿಯಲ್ಲಿ ಅವಳಿದ್ದಾಳೋ ಇಲ್ಲವೋ ದೇವರೇ ಬಲ್ಲ. ಆಗಿನ್ನೂ ನಾನು ಪಟ್ಟಿಯನ್ನು ಕಣ್ಣಿಂದಲೂ ನೋಡಿರಲಿಲ್ಲ!

“ಸುಳ್ಳು,” ಎಂದ.

“ಇರ್ಬಹುದು. ಮೇಲೆ ಹೋಗಿ ನೋಡೋಣ.”

ಅವನ ಫೋನ್ ಹೊಡೆದುಕೊಂಡಿತು. ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ದಣಿಯ ಡ್ರೈವರ್. ಸಿಕ್ಕಿತೇ ಎಂದು ಕೇಳುತ್ತಿದ್ದ. ಇನ್ನೂ ಹುಡುಕುತ್ತಿದ್ದೇನೆ ಎಂದ ಸಾರಿ. ಹತ್ತು ನಿಮಿಷ, ಆಮೇಲೆ ನಾನೇ ಮೇಲೆ ಬರುತ್ತೇನೆ ಎಂದಿತು ಫೋನು.

ಸಾರಿ ನನ್ನ ಕಡೆ ನೋಡಲಿಲ್ಲ. ಲಿಫ್ಟಿನ ಗೋಡೆಗೆ ಹೇಳಿದ:

“ಇದ್ರೆ ಅದೊಂದು ಸಾಲು ಅಳಿಸ್ಬಿಡಿ ಅಕ್ಕ. ನಿಮ್ಮ ತಂಗೀದೂ ಅಳಿಸ್ಕೊಳ್ಳಿ. ಮಿಕ್ಕಿದ್ದು ನಂಗೆ.”

ನಾನು ಬೇಡ ಅನ್ನಲಿಲ್ಲ.

ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬೇಡ ಅನ್ನಲಿಲ್ಲ. ಆ ಗಳಿಗೆಯಲ್ಲಿ ನನ್ನ ಪಾಲಿಗೆ ಇನ್ನೂರ ನಲವತ್ತು ಹೋಗಿ ಒಂದು ಉಳಿದಿತ್ತು.

ಮತ್ತೆ ಐದನೇ ಮಹಡಿ. ಮಕ್ಕಳು ಟಕ ಟಕ ಎಂದು ಟೈಪ್ ಮಾಡುತ್ತಲೇ ಇದ್ದರು. ಮೈದುನ ಮೂಲೆಯ ಕುರ್ಚಿಯಲ್ಲಿ ಕರವಸ್ತ್ರ ಹಿಡಿದು ಕುಳಿತಿದ್ದ. ಸಾರಿಯನ್ನು ಕಂಡು ಎದ್ದು ನಿಂತ, ಮತ್ತೆ ಕುಳಿತ. ಫೈಲ್ ತೆರೆಯಲು ಹೇಳಿದೆ. ತೆರೆದ.

ನಕ್ಷತ್ರ, ಮೊತ್ತ, ಟೋಕನ್. ಪಕ್ಕದಲ್ಲಿ ‘ಏನಾದರೂ ಹೇಳುವುದಿದೆಯೇ?’ ಎಂಬ ಖಾನೆ.

118 ಇತ್ತು.

ಮೊತ್ತ ಇಪ್ಪತ್ತು. ಪಕ್ಕದಲ್ಲಿ ಬರೆದಿತ್ತು: ‘ಮನೆಯಲ್ಲಿ ಗೊತ್ತಾದರೆ ಕಷ್ಟ. ಇಪ್ಪತ್ತೇನಾ ಅಂತ ನಗಬೇಡಿ.’

ಸಾರಿ ಅದನ್ನು ತುಟಿಯಾಡಿಸಿಕೊಂಡು ಓದಿದ. ಎರಡನೆಯ ಸಲ ತುಟಿಯಾಡಲಿಲ್ಲ. ಆಮೇಲೆ ಮೌಸ್ ಅವನೇ ತೆಗೆದುಕೊಂಡು ಕೆಳಗಿನ ಸಾಲುಗಳನ್ನು ನೋಡುತ್ತ ಹೋದ. ‘ನನ್ನ ಕಣ್ಣಿಗೆ ಕಟ್ಟು ಕಟ್ಟಿದ್ದಿರಿ.’ ‘ಮುಂದಿನ ವಾರ ಇನ್ನಷ್ಟು ಹಾಕುತ್ತೇನೆ.’ ‘ದಣಿ ಮನೆ ಹಾಳಾಗಲಿ.’ ಒಂದೆರಡು ಕಡೆ ಅವನ ಕೈ ನಿಂತಿತು. ಯಾರ ನಂಬರ್ ಎಂದು ಗೊತ್ತಿರುವವನ ಹಾಗೆ.

“ಅಳಿಸಕ್ಕಾಗಲ್ಲ,” ಎಂದ ಕೊನೆಗೆ. “ಪೇಜಲ್ಲಿ ಇನ್ನೂರ ನಲವತ್ತು ಜನ ಅಂತ ತೋರಿಸ್ತಿದೆ. ದಣಿ ಎಣಿಸ್ತಾನೆ.”

“ಬದಲಿಗೆ ಬೇರೆ ನಂಬರ್ ಹಾಕು,” ಎಂದೆ.

“ಯಾರದ್ದು?”

ನೋಡಿ, ಕೇಳಬಾರದ ಪ್ರಶ್ನೆ ಅದು. ಯಾವ ನಂಬರ್ ಹಾಕಿದರೂ ಅದರ ಹಿಂದೆ ಒಂದು ಮನೆ.

ಸಾರಿಯೇ ಉಪಾಯ ತೆಗೆದ. ಅರವತ್ತರೊಳಗಿನ ಟೋಕನ್ ಎಲ್ಲ ಆಫೀಸಿನವರದಂತೆ. ಸೂಪರ್‌ವೈಸರ್, ಗುಮಾಸ್ತ, ಗೇಟಿನವರು. ಎಲ್ಲ ದಣಿಯ ನೆಚ್ಚಿನ ಜನ. ನನಗೆ ತಲೆ ಓಡಿತು. ಎರಡು ಸಾಲು ಯಾಕೆ? ಇನ್ನೂರ ನಲವತ್ತನ್ನೂ ಬದಲಿಸಿದರೆ? ಅರವತ್ತು ಜನ, ತಲೆಗೆ ನಾಲ್ಕು ಸಲ! ದಣಿ ಪಟ್ಟಿ ನೋಡುತ್ತಾನೆ. ತನ್ನ ಬಂಟರೇ ತನ್ನ ತಮ್ಮನ ವಿರುದ್ಧ ಚಂದಾ ಎತ್ತಿದ್ದಾರೆ ಎಂದಿರುತ್ತದೆ. ಯಾರೋ ಆಟ ಆಡಿಸಿದ್ದಾರೆ ಎಂದು ನಕ್ಕು ಬುಟ್ಟಿಗೆ ಎಸೆಯುತ್ತಾನೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ...

ಮೈದುನನಿಗೆ ಹೇಳಿದೆ. ಒಂದರಿಂದ ಅರವತ್ತು ಹೊಡೆದ. ನಾಲ್ಕು ಸಲ ಅಂಟಿಸಿದ. ಸಾಲಾಗಿರುವುದು ಬೇಡ, ಕಲಸು ಎಂದೆ. ಕಲಸಿದ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಭಾರದ ಹೆಜ್ಜೆ. ಮೂರನೇ ಮಹಡಿ. ಲಿಫ್ಟ್ ಬರದೆ ಬೇಸತ್ತು ನಡೆದೇ ಬರುತ್ತಿದ್ದ ಡ್ರೈವರ್. ನಾಲ್ಕನೇ ಮಹಡಿ. ಪೆನ್‌ಡ್ರೈವಿನಲ್ಲಿ ಹಳೆಯ ಫೈಲ್ ಅಳಿಸು, ಹೊಸದನ್ನು ಹಾಕು, ತೆಗೆ ತೆಗೆ! ಸಾರಿ ಅದನ್ನು ಕಿತ್ತು ಜೇಬಿಗಿಳಿಸಿದ. ನನ್ನ ಕಡೆ ತಿರುಗಿದ. ಬಾಗಿಲ ಹಿಡಿ ತಿರುಗುತ್ತಿತ್ತು.

“ಸಾರಿ ಅಕ್ಕ,” ಎಂದ. ಈ ಸಲ ನಿಜವಾಗಿಯೂ ಸಾರಿ ಕೇಳಿದ ಹಾಗಿತ್ತು.

ಬಲಗಡೆಯ ಹಲ್ಲು. ನೋಡಿ, ಇಲ್ಲಿ.

ಡ್ರೈವರ್ ಒಳಗೆ ಬಂದಾಗ ನಾನು ನೆಲದ ಮೇಲಿದ್ದೆ, ಬಾಯ್ತುಂಬ ರಕ್ತ. ಮಕ್ಕಳು ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಅವನಿಗೆ ಅನುಮಾನ ಬರಲಿಲ್ಲ. ಇಬ್ಬರೂ ಹೊರಟುಹೋದರು.

ನೆಲದಿಂದ ಏಳುವಾಗ ಸ್ಕ್ರೀನ್ ಕಂಡಿತು. ಟೋಕನ್ ಬದಲಾಗಿತ್ತು. ಪಕ್ಕದ ಖಾನೆ ಬದಲಾಗಿರಲಿಲ್ಲ!

‘ಏನಾದರೂ ಹೇಳುವುದಿದೆಯೇ?’ ಅಲ್ಲಿನ ಒಂದು ಮಾತನ್ನೂ ನಾವು ಅಳಿಸಿರಲಿಲ್ಲ. ಇನ್ನೂರ ನಲವತ್ತು ಜನರ ಮಾತು ಇನ್ನೊಬ್ಬರ ನಂಬರಿನ ಪಕ್ಕ ಕುಳಿತಿತ್ತು. ಕಿಟಕಿಗೆ ಓಡಿದೆ. ಕಾರು ತಿರುವು ದಾಟುತ್ತಿತ್ತು.

ದಣಿ ನಗುತ್ತಾನೆ ಎಂದುಕೊಂಡಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವನು. ಇಪ್ಪತ್ತು, ಐವತ್ತನ್ನು ಕ್ಷಮಿಸಿದನಂತೆ. ಬೈಗುಳವನ್ನು ಕ್ಷಮಿಸಲಿಲ್ಲ. ಬೈಗುಳ ಇದ್ದದ್ದು ಹನ್ನೊಂದು ಸಾಲಿನಲ್ಲಿ. ಮರುದಿನ ಬೆಳಿಗ್ಗೆ ಹನ್ನೊಂದು ಜನರ ಟೋಕನ್ ಗೇಟಿನಲ್ಲೇ ಕಿತ್ತುಕೊಂಡರು.

ಟೋಕನ್ 38.

ನೀವು.

ಇಪ್ಪತ್ತೆರಡು ವರ್ಷದ ಸರ್ವಿಸ್. ಯಾರ ಅರ್ಧ ದಿನದ ಕೂಲಿಯನ್ನೂ ನೀವು ಕತ್ತರಿಸಿದವರಲ್ಲ ಎಂದು ನನ್ನ ತಂಗಿಯೇ ಹೇಳಿದಳು. ನಿಮ್ಮ ನಂಬರಿನ ಪಕ್ಕ ಬಂದು ಕುಳಿತದ್ದು ‘ದಣಿಗೆ ಇನ್ನೊಬ್ಬ ತಮ್ಮ ಇದ್ದರೆ ಅವನನ್ನೂ ಸೋಲಿಸಿ’ ಎನ್ನುವ ಮಾತು. ಬರೆದವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಲಿ, ಇವತ್ತೂ ಬೆಳಗಿನ ಪಾಳಿಯಲ್ಲಿದ್ದಾರೆ.

ನರ್ಸಮ್ಮನಿಗೆ ಅವತ್ತೇ ಎಲ್ಲ ಹೇಳಿದೆ. ಅವರು ನನ್ನ ಬಾಯಿಗೆ ಹತ್ತಿ ಇಡುತ್ತಿದ್ದರು. ಕೈ ನಿಲ್ಲಲಿಲ್ಲ. ಪೇಜಿನಿಂದ ವೃತ್ತಿಯ ಖಾನೆ ತೆಗೆಸಿದರು, ಮೈದುನನ ಕೈಯಿಂದ ಪಾಸ್‌ವರ್ಡ್ ತೆಗೆದುಕೊಂಡರು. ಅವನಿಗೆ ಬೈಯಲಿಲ್ಲ. ನನಗೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಒಂದೇ ಮಾತು ಅಂದರು.

“ಆ ಹನ್ನೊಂದು ಜನರಲ್ಲಿ ಯಾರಾದ್ರೂ ಕೇಳ್ಕೊಂಡು ಬಂದ್ರೆ ಸುಳ್ಳು ಹೇಳ್ಬೇಡಿ.”

ಹತ್ತು ಜನ ಬರಲಿಲ್ಲ. ನೀವು ಬಂದಿರಿ. ಕುರ್ಚಿ ಎಳೆದುಕೊಂಡು ಕುಳಿತು, ಆ ಪಟ್ಟಿಯಲ್ಲಿ ನನ್ನ ನಂಬರ್ ಬರೆದವರು ಯಾರು, ಹುಡುಕಿಕೊಡಿ ಎಂದಿರಿ. ಅಡ್ವಾನ್ಸ್ ಮೇಜಿನ ಮೇಲಿಟ್ಟಿರಿ. ಮಗಳ ಫೀಸಿನ ವಿಷಯ ಹೇಳಿ ಅರ್ಧಕ್ಕೇ ನಿಲ್ಲಿಸಿದಿರಿ, ಅದನ್ನೂ ಕೇಳಿಸಿಕೊಂಡೆ.

ಅಡ್ವಾನ್ಸ್ ವಾಪಸ್ ತಗೊಳ್ಳಿ. ಕ್ಲೈಂಟ್ ಬಾಗಿಲು ತಟ್ಟುವ ಮೊದಲೇ ಕಳ್ಳ ಯಾರೆಂದು ನನಗೆ ಗೊತ್ತಿದ್ದ ಕೇಸು ಇದೊಂದೇ. ಪೊಲೀಸಿಗೆ ಹೋಗುವುದಾದರೆ ನನ್ನ ಹೆಸರು, ವಿಳಾಸ ಬರೆದುಕೊಡುತ್ತೇನೆ. ದಣಿಗೆ ಹೋಗಿ ಹೇಳುವುದಾದರೆ ನಿಮ್ಮ ಕೆಲಸ ವಾಪಸ್ ಬರಬಹುದು. ಇನ್ನೂರ ನಲವತ್ತು ಹೋಗುತ್ತದೆ. ಬಾಗಿಲಿಗೆ ಚಿಲಕ ಹಾಕಿಲ್ಲ. ನಾನು ತಡೆಯುವುದೂ ಇಲ್ಲ, ಈ ಮಂಡಿಯಲ್ಲಿ ತಡೆಯಲಾಗುವುದೂ ಇಲ್ಲ.

ಎದ್ದಿರಾ? ಒಂದು ನಿಮಿಷ.

ನಾಡಿದ್ದು ಮತದಾನ. ಚಂದಾವನ್ನು ನಿಮ್ಮ ನಂಬರಿನಲ್ಲಿ ನಾನೇ ಬರೆಸಿದೆ. ವೋಟನ್ನು ಮಾತ್ರ ನೀವೇ ಹಾಕಬೇಕು.