ಸೊನ್ನೆ ಪಾಯಿಂಟ್ ಮೂರು

ಕೊಯಮತ್ತೂರು ಬಿಟ್ಟ ಮೇಲೆ ಮಾಲತೇಶ ಆಡಿದ ಮೊದಲ ಮಾತು ಹಾವೇರಿ ದಾಟಿದ ಮೇಲೆ ಬಂತು.

"ಚಾ ಕುಡಿತಿಯೇನ?"

"ಬ್ಯಾಡ."

ಅವನು ಪಿಕಪ್ ನಿಲ್ಲಿಸಲಿಲ್ಲ. ಬೇಡ ಎಂದರೆ ಬೇಡ ಎಂದೇ ತಿಳಿಯುವ ಮನುಷ್ಯ. ರಾಜಶ್ರೀಗೆ ಚಹಾ ಬೇಕಾಗಿತ್ತು. ಇನ್ನೊಮ್ಮೆ ಕೇಳಲಿ ಎಂದು ಕಾದಳು. ಹೋಟೆಲು ಹಿಂದೆ ಸರಿಯಿತು.

ಹಿಂದೆ, ಹಗ್ಗ ಬಿಗಿದು ನಿಲ್ಲಿಸಿದ್ದ ಅವಳ ರೇಸ್ ಬೈಕು. ಅದಕ್ಕೆ ಹೆಡ್‌ಲೈಟ್ ಇಲ್ಲ, ಕನ್ನಡಿ ಇಲ್ಲ. ರಸ್ತೆಗೆ ಇಳಿಯುವಂತಿಲ್ಲ, ಆದ್ದರಿಂದ ಪ್ರತಿ ರೇಸಿಗೂ ಮಾಲತೇಶ ಹಾನಗಲ್ಲಿನ ತನ್ನ ಅಣ್ಣನ ಪಿಕಪ್ ತರುತ್ತಿದ್ದ. ಬೈಕಿನ ಪಕ್ಕದಲ್ಲಿ ಗೋಣಿಚೀಲ ಸುತ್ತಿಟ್ಟ ಕಪ್ಪು ಬೋರ್ಡು.

ಅವಳಿಗೆ ಸಿಟ್ಟಿದ್ದದ್ದು ಆ ಬೋರ್ಡಿನ ಮೇಲೆ.

ರೇಸಿನಲ್ಲಿ ಓಡಿಸುವವರಿಗೆ ಯಾರ ಮಾತೂ ಕೇಳಿಸುವುದಿಲ್ಲ. ಪ್ರತಿ ಸುತ್ತಿಗೂ ಟ್ರ್ಯಾಕಿನ ಅಂಚಿನ ಪಿಟ್ ಗೋಡೆಯ ಪಕ್ಕದಿಂದ ಹಾಯುವಾಗ ತಮ್ಮವರು ಎತ್ತಿ ಹಿಡಿದ ಬೋರ್ಡನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓದಬೇಕು: ಎಷ್ಟನೇ ಸ್ಥಾನ, ಎಷ್ಟು ಸುತ್ತು ಬಾಕಿ, ಹಿಂದಿನವರು ಎಷ್ಟು ಸೆಕೆಂಡು ದೂರ. ಮೊದಲ ರೇಸಿನಿಂದಲೂ ಅದನ್ನು ಹಿಡಿದವನು ಮಾಲತೇಶ. ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ. ಬಾಯಿಂದ ಬಾರದ್ದೆಲ್ಲ ಅವನಿಗೆ ಬೋರ್ಡಿನ ಮೇಲೆ ಬರುತ್ತಿತ್ತು. ಆ ಅಂಕಿಗಳನ್ನು ರಾಜಶ್ರೀ ದೇವರ ಮಾತಿನಂತೆ ನಂಬುತ್ತಿದ್ದಳು.

ನಿನ್ನೆ ಕೊಯಮತ್ತೂರಿನಲ್ಲಿ, ಸೀಜನ್ನಿನ ಕೊನೆಯ ರೇಸಿನಲ್ಲಿ, ಅವಳು ಮೂರನೆಯವಳಾಗಿದ್ದಳು. ಬೋರ್ಡು 3.0 ಎಂದಿತು. ಹಿಂದಿನವಳು ಮೂರು ಸೆಕೆಂಡು ದೂರ, ಅಂದರೆ ರೇಸಿನಲ್ಲಿ ಪಕ್ಕದ ಊರಿನಷ್ಟು ದೂರ. ರಾಜಶ್ರೀ ಉಸಿರು ಬಿಟ್ಟು, ತಿರುವುಗಳನ್ನು ನಿಧಾನವಾಗಿ ತೆಗೆದುಕೊಂಡಳು. ಕೊನೆಯ ತಿರುವಿನಲ್ಲಿ ಒಳಗಿನಿಂದ ನೀಲಿ ಬೈಕೊಂದು ನುಗ್ಗಿ ಮುಂದೆ ಹೋಯಿತು.

ಆ ನೀಲಿ ಬೈಕಿನ ಫರ್ಹತ, ಮೈಸೂರಿನವಳು, ಆಮೇಲೆ ಹೆಲ್ಮೆಟ್ ತೆಗೆದು ನಗುತ್ತ ಬಂದಳು. "ಎರಡು ಲ್ಯಾಪಿಂದ ನಿನ್ನ ಬೆನ್ನಿಗೇ ಇದ್ದೆ ಕಣೇ. ನಿಮ್ಮ ಬೋರ್ಡಲ್ಲಿ ತೋರಿಸ್ಲಿಲ್ವಾ?"

ರಾಜಶ್ರೀ ಮಾಲತೇಶನ ಎದುರಿಗೆ ಹೋಗಿ ನಿಂತಳು. "ಗ್ಯಾಪ್ ಎಷ್ಟಿತ್ತು?"

"ಸೊನ್ನೆ ಪಾಯಿಂಟ್ ಮೂರು."

"ನೀ ತೋರಿಸಿದ್ದು?"

"ಮೂರು ಪಾಯಿಂಟ್ ಸೊನ್ನೆ."

"ತಪ್ಪಿ ಹಾಕಿದಿ?"

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ," ಎಂದ. ಆಮೇಲೆ ಹಗ್ಗ ಬಿಗಿಯತೊಡಗಿದ.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸೀಜನ್ ಶುರುವಾಗುವಾಗ, ಇದೇ ಪಿಕಪ್ಪಿನ ಹಗ್ಗ ಸುತ್ತುತ್ತ, "ಮದುವಿ ಆಗೂಣೇನ?" ಎಂದು ಕೇಳಿದ್ದ. ಟೈರಿನ ಗಾಳಿ ನೋಡಲೇನು ಎಂದು ಕೇಳಿದ ಹಾಗೆ. "ಸೀಜನ್ ಮುಗೀಲಿ," ಎಂದಿದ್ದಳು. ಒಂದೇ ಒಂದು ಸಲ, ಮೊದಲ ಮೂವರು ನಿಲ್ಲುವ ಪೋಡಿಯಂ ಹತ್ತಿ, ಇಳಿದು, ಎಲ್ಲರೆದುರು ಹೋಗಿ "ಹ್ಞೂಂ" ಅನ್ನಬೇಕು ಎಂದು ತಿಂಗಳುಗಟ್ಟಲೆ ಆ ಒಂದು ಮಾತನ್ನು ಕಾಪಾಡಿಕೊಂಡಿದ್ದಳು. ಈ ಗಣಿತದ ಮಾಸ್ತರ ಒಂದು ಚುಕ್ಕೆ ಸರಿಸಿ ತನ್ನ ಮದುವೆಯನ್ನೇ ತಾನು ಸೋಲಿಸಿಕೊಂಡಿದ್ದ.

ಬಂಕಾಪುರದ ಹತ್ತಿರ ಹೆದ್ದಾರಿ ಬಿಟ್ಟರು. ಸವಣೂರಿನ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು. ಅದರ ಒಂದು ಕಾಳೂ ತುಳಿಯದಂತೆ ಮಾಲತೇಶ ಗಾಡಿ ನಡೆಸಿದ. ಅದೂ ಅವಳಿಗೆ ಸಿಟ್ಟು ತರಿಸಿತು.

ಮನೆ ಮುಂದೆ ಬೈಕು ಇಳಿಸಿದ ಮೇಲೆ ಅವಳೇ ಅಂದಳು, "ಬ್ರೇಕ್ ಕೆಲಸಕ್ಕ ನೀ ಬರಬ್ಯಾಡ. ನಾನ ಮಾಡ್ಕೋತೇನಿ."

"ಅದಕ್ಕ ಇಬ್ಬರು ಬೇಕು."

"ಅವ್ವ ಅದಾಳ."

ತಲೆ ಆಡಿಸಿ ಹೊರಟ. ಜಗಳಾದರೂ ಆಡು ಮಾರಾಯ ಎಂದು ಕೂಗಬೇಕೆನಿಸಿತು.

ಸೀಜನ್ ಮುಗಿದ ಮೇಲೆ ಬ್ರೇಕಿನ ಹಳೆ ಆಯಿಲ್ ತೆಗೆದು ಹೊಸದು ಹಾಕಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗಿನ ಸಣ್ಣ ಸ್ಕ್ರೂ ಸಡಿಲಿಸಿ ಆಯಿಲ್ ಹೊರಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕೈ ಬಿಟ್ಟರೆ ಒಳಗೆ ಗಾಳಿ ಹೋಗುತ್ತದೆ. ಎಲ್ಲ ಮೊದಲಿನಿಂದ.

ಅಪ್ಪನ ಖಾರಾ ತಿಂಡಿಯ ಅಂಗಡಿಯಿಂದ ಅವ್ವ ಸಿದ್ದವ್ವ ಸೆರಗಿಗೆ ಕೈ ಒರೆಸುತ್ತ ಬಂದಳು.

"ಒತ್ತಬೇ."

"ಒತ್ತೇನಿ."

"ಹಿಡಿ."

"ಹಿಡದೇನಿ. ಅಲ್ಲ, ಹಾನಗಲ್ ಮಾಸ್ತರ ಯಾಕ ಬಂದಿಲ್ಲ?" ಕೇಳುವಾಗ ಅವ್ವನ ಕೈ ಲಿವರ್ ಬಿಟ್ಟು ತಾನಾಗಿಯೇ ಗಾಳಿಯಲ್ಲಿ ತಿರುಗಿತು. ಗುಳುಗುಳು ಎಂದು ಗಾಳಿ ಒಳಗೆ ಹೋಯಿತು.

"ಅವ್ವಾ! ಹಿಡಿ ಅಂದ್ರ ಹಿಡಿಬೇಕಬೇ!"

"ಮಾತಾಡಿದ್ರ ಕೈ ಬಿಡ್ತೈತೆವಾ, ಏನ ಮಾಡ್ಲಿ? ಮಾಸ್ತರನ್ನ ಕರಿ. ಅಂವಗ ಸುಮ್ಮನ ಹಿಡ್ಕೊಂಡಿರಾಕ ಬರ್ತೈತಿ."

ರಾಜಶ್ರೀ ಸ್ಪ್ಯಾನರ್ ಕೆಳಗಿಟ್ಟಳು. ಆಗಸ್ಟಿನ ರೇಸಿನಲ್ಲಿ ಬಿದ್ದು ಭುಜದ ಎಲುಬು ಮುರಿದಾಗ, ಆಸ್ಪತ್ರೆಯಲ್ಲಿ ಮಾಲತೇಶ ಅವಳ ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಕುಳಿತಿದ್ದ. ಒಂದು ಮಾತೂ ಆಡಿರಲಿಲ್ಲ. ಆ ಮೌನದ ಪಕ್ಕದಲ್ಲೇ ಅವಳಿಗೆ ನಿದ್ದೆ ಬಂದಿತ್ತು.

ಆದರೂ ಅವಳು ಕರೆಯಲಿಲ್ಲ. ಅವನೂ ಫೋನ್ ಮಾಡಲಿಲ್ಲ.

ವಾರದ ದಿನಗಳಲ್ಲಿ ರಾಜಶ್ರೀ ಶಿಗ್ಗಾವಿಯ ಮೈದಾನವೊಂದರಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ರೇಸ್ ಮುಗಿದು ವಾರವಾಗಿತ್ತು. ಅವತ್ತು ಬಿಬಿಜಾನ ಚಾಚಿಯ ಸರದಿ. ಚಾಚಿ ಮುಂದೆ, ಅವಳು ಹಿಂದೆ. ನಡೆಯುವವರಿಗಿಂತ ನಿಧಾನವಾಗಿ ಸ್ಕೂಟರ್ ಮೈದಾನ ಸುತ್ತುತ್ತಿತ್ತು.

ಬೇವಿನ ಗಿಡದ ಆಚೆ, ಬಿಸಿಲಿನಲ್ಲಿ, ಇಸ್ತ್ರಿ ಮಾಡಿದ ಶರ್ಟು ಹಾಕಿ ಮಾಲತೇಶ ನಿಂತಿದ್ದ. ಕೈಯಲ್ಲಿ ಎತ್ತಿ ಹಿಡಿದ ಬೋರ್ಡು.

0.3

"ಯಾರವಾ ಆ ಮನಶಾ?" ಚಾಚಿ ಕೇಳಿದಳು. "ಕ್ರಿಕೆಟ್ ಸ್ಕೋರ್ ತೋರಸಾಕತ್ತಾನೇನ?"

"ಮುಂದ ನೋಡಿ ಹೊಡೀರಿ ಚಾಚಿ."

ಮುಂದಿನ ಸುತ್ತಿಗೆ ಬೋರ್ಡು ಬದಲಾಗಿತ್ತು. ಪಿ 3. ಮೂರನೆಯ ಸ್ಥಾನ, ಅವಳಿಗೆ ಸಿಗಬೇಕಾಗಿದ್ದದ್ದು. ಸರದಿಗಾಗಿ ಕಟ್ಟೆಯ ಮೇಲೆ ಕುಳಿತ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವನ ಕಿವಿ ಕೆಂಪಾಗಿತ್ತು, ಬೋರ್ಡು ಮಾತ್ರ ಅಲುಗಲಿಲ್ಲ.

ಮೂರನೆಯ ಸುತ್ತಿಗೆ: ಇನ್.

"ಇದೇನವಾ?"

"ಒಳಗ ಬಾ ಅಂತ."

"ಮತ್ತ ಹೋಗೂಣಲ್ಲ?"

"ಇನ್ನೊಂದು ಸುತ್ತು ಹೊಡೀರಿ."

"ಪಾಪ, ಬಿಸಲಾಗ ನಿಂತಾನ."

"ನಿಂದರ್ಲಿ."

ಚಾಚಿಗೇ ಕನಿಕರ ಬಂದು, ಆ ಸುತ್ತಿನ ಕೊನೆಗೆ ಅವನ ಮುಂದೆ ಎರಡೂ ಕಾಲು ಊರಿ ನಿಲ್ಲಿಸಿದಳು. ರಾಜಶ್ರೀ ಇಳಿಯಬೇಕಾಯಿತು.

"ಶಾಲಿ ಇಲ್ಲೇನ ಇವತ್ತ?"

"ರಜಾ ಹಾಕೇನಿ."

"ಖರೇ ನಂಬರ್ ಈಗ ತೋರಿಸಿದ್ರ ಏನ ಮಾಡ್ಲಿ ನಾ? ಉಪ್ಪಿನಕಾಯಿ ಹಾಕ್ಲೇನ?"

ಅವನು ಬೋರ್ಡನ್ನು ಇನ್ನಷ್ಟು ಮೇಲೆತ್ತಿದ.

"ಮಾತಾಡು ಮಾಸ್ತರ. ಇಲ್ಲಾಂದ್ರ ಇದ ಬೋರ್ಡ್ ನಿನ್ನ ತಲಿ ಮ್ಯಾಲ ಹಾಕ್ತೇನಿ."

ಮಾಲತೇಶ ಬೋರ್ಡನ್ನು ಕೆಳಗಿಳಿಸಿದ. "ಮುಂದಿನ ಟೈರ್ ಮುಗದಿತ್ತು. ತಿರುವಿನ್ಯಾಗ ಜಾರಾಕತ್ತಿದ್ದು ಗ್ವಾಡಿ ಕಡಿಂದ ಕಾಣತಿತ್ತು. ಖರೇ ಗ್ಯಾಪ್ ತೋರಿಸಿದ್ರ ನೀ ಇನ್ನೂ ಜೋರ್ ಹೊಡಿತಿದ್ದಿ. ಆಚಿ ತಿರುವಿಗೆ ಹೋದ್ರ ನೀ ಕಾಣೂದಿಲ್ಲ. ಮತ್ತ ಕಾಣೂತನಕ ನಾ ಉಸರ ಹಿಡದಿರ್ತೇನಿ. ಆಗಸ್ಟದಾಗ ನೀ ಮತ್ತ ಕಾಣಲೇ ಇಲ್ಲ."

ಅವನು ಇಷ್ಟು ಉದ್ದ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಎದೆಯೊಳಗೆ ಏನೋ ಮೆತ್ತಗಾಯಿತು. ಅದಕ್ಕೂ ಸಿಟ್ಟು ಬಂತು.

"ಅದು ನನ್ನ ಟೈರ್. ನನ್ನ ಎಲಬು. ಜೋರ್ ಹೊಡೀಬೇಕೋ ಬ್ಯಾಡೋ, ನಾ ಹೇಳೂದು."

"ಹೌದು."

"ಹಂಗಾರ ಮುಂದಿನ ಸೀಜನ್ ಹಿಂಗ ಮಾಡೂದಿಲ್ಲ ಅಂತ ಆಣಿ ಮಾಡು. ಎಲ್ಲಾ ಮರತ ಬಿಡ್ತೇನಿ."

ಅವನು ಬೋರ್ಡು ನೋಡಿದ. ಬೇವಿನ ಗಿಡ ನೋಡಿದ. ಕಟ್ಟೆಯ ಮೇಲಿನ ಹೆಂಗಸರೂ ನಗು ನಿಲ್ಲಿಸಿದರು.

"ಆಗೂದಿಲ್ಲ."

"ಏನು?"

"ಮತ್ತ ಜಾರಿದ್ರ ಮತ್ತ ಹಂಗ ಮಾಡ್ತೇನಿ. ಈಗ ಆಣಿ ಮಾಡಿದ್ರ ಸುಳ್ಳ ಆಕ್ಕೈತಿ."

ಬೇರೆ ಯಾರಾದರೂ ಆಗಿದ್ದರೆ ಸಾವಿರ ಆಣೆ ಮಾಡುತ್ತಿದ್ದರು. ಇವನು ಎಲ್ಲ ಕಳೆದುಕೊಂಡರೂ ಸರಿ, ಅವಳ ಮುಖ ನೋಡಿ ಒಂದು ಸುಳ್ಳು ಹೇಳಲಾರ. ಇಂಥವನೊಡನೆ ಜಗಳ ಆಡುವುದಾದರೂ ಹೇಗೆ?

"ಬೋರ್ಡ್ ಕೊಡು," ಎಂದಳು.

ಕೊಟ್ಟ.

"ಇನ್ನ ಮ್ಯಾಲ ನೀ ಇದನ್ನ ಮುಟ್ಟೂದಿಲ್ಲ. ಬ್ಯಾರೆಯವರು ಹಿಡಿತಾರ."

"ಆತು."

"ಪಿಟ್ ಗ್ವಾಡಿ ಹತ್ರಾನೂ ಬರಬ್ಯಾಡ. ಮ್ಯಾಲ ಮೆಟ್ಟಲ ಮ್ಯಾಲ ಕುಂದರು. ಹುಡುಗ್ಯಾರ ಅವ್ವ, ಅಪ್ಪ, ಗಂಡಂದ್ರು ಕುಂದರತಾರಲ್ಲ, ಅಲ್ಲೆ."

"ಆತು," ಎಂದು ತಿರುಗಿ ಪಿಕಪ್ಪಿನ ಕಡೆ ನಡೆದ. ಬಾಗಿಲು ತೆಗೆದ.

"ಅಯ್ಯೋ ನನ್ನ ಕರ್ಮ!" ರಾಜಶ್ರೀ ಕೂಗಿದಳು. "ಏ ಮಾಸ್ತರ! ನೀ ನನ್ನ ಅವ್ವೇನ?"

"ಅಲ್ಲ."

"ಅಪ್ಪೇನ?"

"ಅಲ್ಲ…" ಅವನ ಕೈ ಬಾಗಿಲಿನ ಮೇಲೆಯೇ ನಿಂತಿತು. ಕಠಿಣವಾದ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸುವವನಂತೆ ಹುಬ್ಬು ಗಂಟಾಯಿತು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು. "ಸೀಜನ್ ಮುಗೀತೇನ?"

"ಮುಗದು ವಾರಾತು! ಹ್ಞೂಂ ಅನ್ನಾಕ ಕಾದು ಕಾದು ನನಗ ಸಾಕಾತು!"

ಬಿಬಿಜಾನ ಚಾಚಿ ಸ್ಕೂಟರಿನ ಹಾರ್ನ್ ಒತ್ತಿದಳು. ಒತ್ತಿ ಹಿಡಿದೇ ಇದ್ದಳು.

ಭಾನುವಾರ ಅವನು ಸವಣೂರಿಗೆ ಬಂದ. ಅವ್ವ ಚಹಾ ಕೊಟ್ಟು, ಸಮಾಧಾನದಿಂದ ಅಂಗಡಿಗೆ ಹೋದಳು. ರಾಜಶ್ರೀ ಮುಂದಿನ ಗಾಲಿಯ ಪಕ್ಕ ನೆಲದಲ್ಲಿ ಕುಳಿತಳು.

"ಒತ್ತು."

ಒತ್ತಿದ.

"ಹಿಡಿ."

ಹಿಡಿದ. ಅವಳು ಸ್ಕ್ರೂ ಸಡಿಲಿಸಿದಳು. ಹಳೆ ಆಯಿಲ್ ಕಪ್ಪಗೆ ಇಳಿದು ಹೋಯಿತು. ಬಿಗಿದಳು. ಸ್ಪ್ಯಾನರ್ ಕೆಳಗಿಟ್ಟಳು. ತಲೆ ಎತ್ತಿ, ಲಿವರ್ ಹಿಡಿದ ಅವನ ಬೆರಳುಗಳನ್ನು ನೋಡುತ್ತ ಸುಮ್ಮನೆ ಕುಳಿತಳು.

ಬಹಳ ಹೊತ್ತಾದ ಮೇಲೆ ಅವನು ಕೇಳಿದ, "ಬಿಡ್ಲೇನ?"

"ಬಿಡು ಅಂದ್ನೇನ ನಾ?"

ಅವನು ಬಿಡಲಿಲ್ಲ.