ಅಳಿಸಿಹೋದ ಮೂರು ಸ್ಪರ್ಶ

“ಬಂದ್ರೇನ್ರಿ? ಬರ್ರಿ, ಕುಂದರ್ರಿ.”

ಹೊಸಿಲು ದಾಟುವ ಮೊದಲೇ ಒಳಗಿನಿಂದ ಬಂದ ಆ ಮಾತಿಗೆ ಸುಮಲತಾಳ ಎದೆ ಝಲ್ಲೆಂದಿತು!

ಕೂಡ್ಲಿಗಿಯ ಆ ಡಿಟಿಪಿ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಮಟಮಟ ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಬೆನ್ನು ಹಾಕಿ ಕೂತಿದ್ದ ಗಂಡಸು ಅವಳ ಕಡೆ ತಿರುಗಿಯೇ ಇರಲಿಲ್ಲ. ಅವಳು ಅಲ್ಲಿಗೆ ಬಂದದ್ದೂ ಅದೇ ಮೊದಲು.

‘ನಾನು ಬಂದದ್ದು ಇವರಿಗೆ ಹೇಗೆ ಗೊತ್ತಾಯಿತು? ನನ್ನ ಪ್ರವೀಣ್ ಕೂಡ ಹೀಗೇ ಅಲ್ಲವೇ ಕರೆಯುತ್ತಿದ್ದದ್ದು... ಇದೇ ಧಾಟಿಯಲ್ಲಿ!’

“ಹೆದರಬ್ಯಾಡ್ರಿ. ಆಫ್ ಆಗಿರೋ ಸ್ಕ್ರೀನಿನಾಗ ನೀವು ಕಂಡ್ರಿ,” ಎನ್ನುತ್ತ ಅವನು ತಿರುಗಿದ. ಹೆಸರು ಕೊಟ್ರಸ್ವಾಮಿ. ನಕ್ಕರೆ ಕಣ್ಣೂ ನಗುವ ಮುಖ. ಸುಮಲತಾಳ ಹೆದರಿಕೆ ಇಳಿಯಿತು. ಎದೆಬಡಿತ ಮಾತ್ರ ಇಳಿಯಲಿಲ್ಲ, ಪಾಪ!

“ಒಂದು ಕಾದಂಬರಿ ಟೈಪ್ ಮಾಡಿಸಬೇಕಿತ್ರಿ. ಪ್ರೇಮ ಕಥಿ. ವಾರಕ್ಕೊಂದು ಅಧ್ಯಾಯ ತಂದುಕೊಡ್ತೀನಿ.”

“ತರ್ರಿ. ಆದ್ರ ನಾನು ಮೊದಲು ಓದಿ ಆಮ್ಯಾಗ ಟೈಪ್ ಮಾಡಾತ. ನಡೀತೈತೇನ್ರಿ?”

ಅವಳು ನಾಚಿ ತಲೆಯಾಡಿಸಿದಳು.

ಸುಮಲತಾಳ ಮನೆ ಕಾನಹೊಸಹಳ್ಳಿಯ ಅಂಚಿನಲ್ಲಿ, ಗಾಳಿಯಂತ್ರಗಳು ನಿಂತ ಗುಡ್ಡದ ಬುಡದಲ್ಲಿತ್ತು. ಗಂಡ ಪ್ರವೀಣಕುಮಾರ್ ಆ ಯಂತ್ರಗಳನ್ನೇ ರಿಪೇರಿ ಮಾಡುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೈಕಿನಲ್ಲಿ ಕೆಲಸಕ್ಕೆ ಹೋದವನನ್ನು ಹೈವೇ ನುಂಗಿಬಿಟ್ಟಿತು. ಈಗ ಮನೆಯಲ್ಲಿ ಅವಳು, ಅತ್ತೆ ಅನ್ನದಾನಮ್ಮ ಇಬ್ಬರೇ.

ಹೊತ್ತು ಗುಡ್ಡದ ಕಡೆ ವಾಲಿದಾಗ ಯಂತ್ರದ ರೆಕ್ಕೆಯ ನೆರಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಗೋಡೆಯ ಮೇಲೆ ಹಾಯ್ದು, ಅವಳು ಬರೆಯುತ್ತಿದ್ದ ಹಾಳೆಯ ಮೇಲೆ ಹಾಯ್ದು ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಸದ್ದಿಲ್ಲ, ಸುಳಿವಿಲ್ಲ. ಒಮ್ಮೊಮ್ಮೆ ಗಾಳಿ ಬಿದ್ದು ಯಂತ್ರ ನಿಂತರೆ ನೆರಳು ಅವಳ ಕೈಮೇಲೆಯೇ ಕೂತುಬಿಡುತ್ತಿತ್ತು!

“ಬಂದ್ರ್ಯಾ?” ಎಂದು ಅವಳು ಮೆಲ್ಲಗೆ ಕೇಳುತ್ತಿದ್ದಳು.

ಕಥೆ ಬರೆಯಲು ಕೂತದ್ದೂ ಅವನನ್ನು ಉಳಿಸಿಕೊಳ್ಳಲೆಂದೇ. ಕಥೆಯ ನಾಯಕ ತನ್ನ ಪ್ರವೀಣನೇ ಎಂದು ಅವಳು ನಂಬಿದ್ದಳು.

ವಾರಗಳು ಕಳೆದವು. ಕೂಡ್ಲಿಗಿಗೆ ಹೋಗುವ ದಿನ ಅವಳ ಜಡೆಗೆ ಹೂವು ಬಂತು. ಅಂಗಡಿಯಲ್ಲಿ ಚಹಾ ಬಂತು, ಮಾತು ಬಂತು. ಅಧ್ಯಾಯ ಕೊಟ್ಟು ಹೊರಟವಳು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಬೇಕೆಂದೇ ತಪ್ಪಿಸಿಕೊಂಡಳೆಂದು ನಾನು ಹೇಳಿದರೆ ಅವಳು ಒಪ್ಪುವುದಿಲ್ಲ ಬಿಡಿ!

ಕಥೆ ಮುಗಿಯಿತು. ಕೊಟ್ರಸ್ವಾಮಿಯೇ ಅದನ್ನು ಬೆಂಗಳೂರಿನ ಪ್ರಕಾಶನಕ್ಕೆ ಮೇಲ್ ಮಾಡಿ, ಒಂದು ಪ್ರಿಂಟನ್ನು ಅವಳ ಕೈಗಿಟ್ಟ. ತಾನು ಬರೆದದ್ದನ್ನು ತಾನೇ ಓದಲು ನಾಚಿಕೆಯಾಗಿ ಅವಳು ಅದನ್ನು ಪೆಟ್ಟಿಗೆಗೆ ಸೇರಿಸಿದಳು.

ಒಂದು ಮಧ್ಯಾಹ್ನ ಪ್ರಕಾಶನದ ಭಾಗ್ಯಳ ಫೋನ್ ಬಂತು.

“ಮೇಡಂ, ನಮ್ಮಲ್ಲಿ ಮೂರು ಪುಸ್ತಕಮಾಲೆ ಇವೆ ಅಲ್ವಾ? ‘ಮೊಗ್ಗು’ ಅಂದ್ರೆ ಬರೀ ಕಣ್ಣೋಟ. ‘ಮಲ್ಲಿಗೆ’ಯಲ್ಲಿ ಕೈ ಹಿಡೀಬಹುದು, ಅಪ್ಪಿಕೊಳ್ಳಬಹುದು. ‘ಕೆಂಡಸಂಪಿಗೆ’ಯಲ್ಲಿ ಬಾಗಿಲು ಹಾಕ್ಕೊಂಡ ಮೇಲಿನದ್ದೂ ಇರುತ್ತೆ. ನೀವು ಮಲ್ಲಿಗೆಗೆ ಅಂತ ಕಳಿಸಿದ್ದೀರಿ. ಆದ್ರೆ ನಿಮ್ಮ ನಾಯಕ ಆ ಹುಡುಗೀನ ಮುಟ್ಟೋದೇ ಇಲ್ಲ!”

“ಮುಟ್ಯಾನಲ್ರಿ! ಮೂರು ಕಡೆ...”

“ಎಲ್ಲಿ? ಒಂದು ಕಡೆಯೂ ಇಲ್ಲ. ಓದ್ತಾ ಓದ್ತಾ ಮೈ ಬಿಸಿಯಾಗುತ್ತೆ, ಅದು ನಿಜ. ಮೊಗ್ಗಿನ ಓದುಗರಿಗೆ ಈ ಬಿಸಿ ಜಾಸ್ತಿ, ಮಲ್ಲಿಗೆಯವರಿಗೆ ಸಾಲಲ್ಲ. ಒಂದು ಕಡೆ ಅರ್ಧ ಪುಟ ಖಾಲಿ ಬೇರೆ ಬಿಟ್ಟಿದ್ದೀರಿ. ಸೋಮವಾರದೊಳಗೆ ಸರಿಮಾಡಿ ಕಳಿಸಿ, ಇಲ್ಲಾಂದ್ರೆ ಯಾವ ಮಾಲೆಗೂ ಸೇರಿಸೋಕಾಗಲ್ಲ. ಅಂದಹಾಗೆ ಆ ನಾಯಕನ ಸೊಟ್ಟ ಕಿರುಬೆರಳು ನಂಗೆ ತುಂಬಾ ಇಷ್ಟ ಆಯ್ತು!”

ಸೊಟ್ಟ ಕಿರುಬೆರಳೇ?

ಸುಮಲತಾ ಪೆಟ್ಟಿಗೆ ತೆರೆದು ಪ್ರಿಂಟನ್ನೂ ಕೈಬರಹವನ್ನೂ ಅಕ್ಕಪಕ್ಕ ಇಟ್ಟುಕೊಂಡಳು. ಬಸ್ಸಿನಲ್ಲಿ ನಾಯಕ ಆ ಹುಡುಗಿಯ ಕೈ ಹಿಡಿಯುವ ಸಾಲು ಪ್ರಿಂಟಿನಲ್ಲಿ ಇರಲಿಲ್ಲ. ಕಣ್ಣಿಗೆ ಬಿದ್ದ ಧೂಳನ್ನು ಅವನು ಊದಿ, ಕೆನ್ನೆ ಸವರುವ ಸಾಲೂ ಇರಲಿಲ್ಲ. ಬಾಗಿಲಲ್ಲಿ ನಿಂತು ಅವಳನ್ನು ಅಪ್ಪಿಕೊಳ್ಳುವ ಕಡೆ ಅರ್ಧ ಪುಟ ಬೆಳ್ಳಗೆ ಬಿದ್ದಿತ್ತು...

ಕಿರುಬೆರಳು ಮಾತ್ರ ಇತ್ತು. ಐದನೆಯ ಅಧ್ಯಾಯದಲ್ಲಿ, ಅವಳದೇ ಅಕ್ಷರದಲ್ಲಿ! ಪ್ರವೀಣನ ಕಿರುಬೆರಳು ನೆಟ್ಟಗಿತ್ತು. ಹಾಗಾದರೆ ಇದು ಯಾರ ಬೆರಳು? ಇದನ್ನು ತನ್ನ ಕೈಯಿಂದ ಬರೆಸಿದವರು ಯಾರು?

ರೆಕ್ಕೆಯ ನೆರಳು ಖಾಲಿ ಪುಟದ ಮೇಲೆ ಹಾಯ್ದು ಹೋಯಿತು.

‘ಅವರೇ... ಅವರೇ ಅಳಿಸುತ್ತಿದ್ದಾರೆ. ನಾನು ಹೂವು ಮುಡಿದು ಕೂಡ್ಲಿಗಿಗೆ ಹೋಗುವುದನ್ನು ನೋಡಿದ್ದಾರೆ. ಇನ್ನೊಬ್ಬರು ನಿನ್ನನ್ನು ಮುಟ್ಟುವುದು ಬೇಡ ಅನ್ನುತ್ತಿದ್ದಾರೆ!’

ಅವಳು ಹಾಳೆಗಳನ್ನೆಲ್ಲ ಒಟ್ಟುಮಾಡಿಕೊಂಡು ಒಲೆಯ ಮುಂದೆ ಕೂತಳು. ಪುಸ್ತಕವೂ ಬೇಡ, ಕೂಡ್ಲಿಗಿಯೂ ಬೇಡ. ಆ ನಗುವ ಕಣ್ಣುಗಳನ್ನು ಇನ್ನೆಂದೂ ನೋಡಬಾರದು!

“ಏನದು?” ಅನ್ನದಾನಮ್ಮ ಹಾಳೆಗಳನ್ನು ಕಿತ್ತುಕೊಂಡಳು. ಸುಮಲತಾ ಅಳುತ್ತ ಎಲ್ಲವನ್ನೂ ಹೇಳಿದಳು. ಮುದುಕಿ ಹಾಳೆಗಳನ್ನು ಜೋಡಿಸಿ ಅವಳ ಮಡಿಲಿಗೆ ಇಟ್ಟಳು.

“ನನ್ನ ಮಗ ಬದುಕಿದ್ದಾಗ ಲಗ್ನಪತ್ರಿಕಿ ಸೈತ ನೆಟ್ಟಗ ಓದಿದಾತಲ್ಲ. ಸತ್ತ ಮ್ಯಾಲ ಕುಂತು ನಿನ್ನ ಕಥಿ ಓದ್ತಾನೇನವ್ವ? ಟೈಪ್ ಮಾಡಿದಾತ ಬದುಕ್ಯಾನಲ್ಲ, ಅವನ್ನ ಹೋಗಿ ಕೇಳು!”

ಸುಮಲತಾ ಹಾಳೆಗಳೊಂದಿಗೆ ಅಂಗಡಿಗೆ ಬಂದಾಗ ಮೊದಲ ದಿನದಂತೆಯೇ ಕರೆಂಟ್ ಇರಲಿಲ್ಲ. ಅವಳು ಪ್ರಿಂಟನ್ನು ಮೇಜಿನ ಮೇಲೆ ಇಟ್ಟಳು.

“ನಾಯಕ ಮುಟ್ಟೋದ ಇಲ್ಲ, ಮಲ್ಲಿಗಿ ಮಾಲಿಗೆ ಇಷ್ಟು ಸಾಲಲ್ಲ ಅಂತ ಭಾಗ್ಯಾ ಅವರು ಫೋನ್ ಮಾಡಿದ್ರು. ನನ್ನ ಸಾಲು ಎಲ್ಲಿ ಹೋದ್ವು, ಹೇಳ್ರಿ!”

ಕೊಟ್ರಸ್ವಾಮಿ ತಲೆ ತಗ್ಗಿಸಿದ. “ಬಸ್ಸಿನ ಸಾಲು, ಧೂಳಿನ ಸಾಲು ನಾನ ಬಿಟ್ಟೆ ರಿ. ತಪ್ಪಾತು.”

“ಯಾಕ ಬಿಟ್ರಿ? ನಾನು ಏನೇನು ಅಂದುಕೊಂಡೆ ಗೊತ್ತೈತೇನ್ರಿ ನಿಮಗ!”

“ಒಂದು ಮಾತು ಕೇಳ್ಲ್ಯಾ? ನಿಮ್ಮ ಯಜಮಾನ್ರ ಕಿರುಬೆರಳು ಸೊಟ್ಟ ಇತ್ತೇನ್ರಿ?”

ಅವನು ಬಲಗೈಯನ್ನು ಮೇಜಿನ ಮೇಲೆ ಇಟ್ಟ. ಅವನ ಕಿರುಬೆರಳು ಒಳಕ್ಕೆ ಬಾಗಿತ್ತು. ಇಷ್ಟು ತಿಂಗಳು ಕೀಬೋರ್ಡಿನ ಮೇಲೆ ಆ ಬೆರಳನ್ನು ನೋಡುತ್ತಲೇ ಇದ್ದಳು... ನೋಡಿದ್ದು ಅವಳಿಗೇ ತಿಳಿದಿರಲಿಲ್ಲ!

“ಐದನೇ ಅಧ್ಯಾಯದಿಂದ ಅದು ನಾನ ರಿ. ನಿಮಗ ಗೊತ್ತಾಗಿರಲಿಲ್ಲ, ನನಗ ಗೊತ್ತಾಗಿತ್ತು. ನೀವು ಬಾಯಿಬಿಟ್ಟು ಹೇಳಿಲ್ಲ, ನಾನು ಕೇಳಿಲ್ಲ. ಕೇಳದೆ ನಿಮ್ಮ ಕೈ ಹೆಂಗ ಹಿಡೀಲ್ರಿ... ಹಾಳಿ ಮ್ಯಾಲಾದ್ರೂ?”

ಸುಮಲತಾ ಕುರ್ಚಿಯ ಮೇಲೆ ಕೂತಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ! ಮೂರು ವರ್ಷದಿಂದ ಕಲ್ಲಾಗಿದ್ದ ಎದೆಯಲ್ಲಿ ಸುಖದಂಥದ್ದೇ ಒಂದು ನೋವು ಎದ್ದಿತು.

“ಮತ್ತ ಆ ಬಾಗಿಲಿಂದು?” ಎಂದು ಕೇಳಿದಳು. “ಆ ಅರ್ಧ ಪುಟ?”

ಅವನ ಮುಖದ ಬಣ್ಣ ಇಳಿಯಿತು.

“ಅದು ನಾನಲ್ರಿ.”

“ಅಂದ್ರ?”

“ಅದರಾಗ ನಾನಿರಲಿಲ್ಲ. ಗ್ರೀಸಿನ ವಾಸನಿ ಇತ್ತು, ಕೈಯಾಗ ಹೆಲ್ಮೆಟ್ ಇತ್ತು. ಅದು ನಿಮ್ಮ ಯಜಮಾನ್ರು ಅಂತ ತಿಳದು ಒಂದಕ್ಷರ ಬಿಡದಂಗ ಟೈಪ್ ಮಾಡಿದೆ. ಸ್ಕ್ರೀನಿನಾಗ ಇತ್ತು. ಪ್ರಿಂಟಿನಾಗ ಬರಲಿಲ್ಲ. ಮತ್ತ ಮತ್ತ ತೆಗೆದೆ, ಬರಲೇ ಇಲ್ಲ. ಆಮ್ಯಾಗ ನೋಡಿದ್ರ ಸ್ಕ್ರೀನಿನಾಗೂ ಇಲ್ಲ! ಹೇಳಿದ್ರ ನೀವು ಹೆದರ್ತೀರಿ ಅಂತ ಸುಮ್ಮನಾದೆ.”

ಅಂಗಡಿಯಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ. ಆದರೂ ಮೇಜಿನ ಮೇಲಿನ ಹಾಳೆಗಳ ಅಂಚು ಒಮ್ಮೆ ಮೆಲ್ಲಗೆ ಎದ್ದು ಮಲಗಿತು. ಇಬ್ಬರೂ ಅದನ್ನು ನೋಡಿದರು.

ಸುಮಲತಾ ಆ ಖಾಲಿ ಪುಟದ ಮೇಲೆ ಅಂಗೈ ಇಟ್ಟಳು. ಅದು ಪ್ರವೀಣ್ ಕೆಲಸಕ್ಕೆ ಹೊರಟ ಕೊನೆಯ ಬೆಳಗು. ಬಾಗಿಲಲ್ಲಿ ತಿರುಗಿ ಬಂದು, ಸುಮ್ಮನೆ ಒಮ್ಮೆ ಅಪ್ಪಿಕೊಂಡು ಹೋಗಿದ್ದ. ಕಥೆಯ ನಾಯಕನಿಗೆ ಅದನ್ನು ಅವಳು ಕೊಟ್ಟುಬಿಟ್ಟಿದ್ದಳು...

ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಕಣ್ಣೀರು ಮಾತ್ರ ಧಾರಾಕಾರವಾಗಿ ಇಳಿಯಿತು.

“ಅದು ಅವರದ್ರಿ,” ಎಂದಳು. “ತಮ್ಮದನ್ನ ತಾವು ಒಯ್ದಾರ. ಬ್ಯಾರೆ ಯಾವುದನ್ನೂ ಮುಟ್ಟಿಲ್ಲ ನೋಡ್ರಿ! ನನ್ನನ್ನ ತಡದಿದ್ದು ಅವರಲ್ಲ.”

“ಆ ಜಾಗ ಮತ್ತ ತುಂಬ್ಲ್ಯಾ?”

“ಬ್ಯಾಡ್ರಿ. ಖಾಲಿ ಇರ್ಲಿ. ನೀವು ಬಿಟ್ಟಿದ್ದನ್ನ ಮಾತ್ರ ಹಾಕ್ರಿ.”

ಕರೆಂಟ್ ಬಂತು. ಅವನು ಕಥೆಯ ಫೈಲ್ ತೆರೆದು, ಬಸ್ಸಿನ ಸಾಲು ಬರಬೇಕಾದ ಕಡೆ ಬೆರಳು ನಿಲ್ಲಿಸಿದ. ಅವಳು, ಉಸಿರು ಅವನ ಭುಜಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಳು.

“ಸುಮಾ... ಈಗ ಕೇಳ್ತೀನಿ. ನಿಮ್ಮ ಕೈ ಹಿಡೀಲ್ಯಾ?”

ಅವಳು ಕೈ ಚಾಚಿದಳು. ಅವನು ಹೆದರುತ್ತಲೇ ಅದನ್ನು ಬೆರಳ ತುದಿಯಿಂದ ಹಿಡಿದ.

“ಇಷ್ಟ ಸಾಕೇನ್ರಿ ಮಲ್ಲಿಗಿ ಮಾಲಿಗೆ? ಭಾಗ್ಯಾ ಅವರು ಒಪ್ಪತಾರ?”

ಮೂರು ವರ್ಷಗಳಲ್ಲಿ ಮೊದಲ ಸಲ ಸುಮಲತಾ ಗಟ್ಟಿಯಾಗಿ ನಕ್ಕಳು.

“ಮೊದಲು ಗಟ್ಟಿಯಾಗಿ ಹಿಡೀರಿ! ಯಾವ ಮಾಲಿ ಅಂತ ಆಮ್ಯಾಗ ನೋಡೋಣ.”